ಒಂದೇ ಪರೀಕ್ಷೆಯಲ್ಲಿ ಐದು ಸಲ ಇಂಗ್ಲಿಷ್: ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟಕ್ಕೆ ಅರಸೀಕೆರೆಯಿಂದ ಬಹಿರಂಗ ಪತ್ರ

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟದ ಅಧ್ಯಕ್ಷರಿಗೆ ಮತ್ತು ಕಾರ್ಯಕಾರಿ ಸಮಿತಿಯ ಸದಸ್ಯರಿಗೆ,
ನಾಗರಬಾವಿ, ಬೆಂಗಳೂರು.

ಮಾನ್ಯರೇ,

ನಾನು ಅರಸೀಕೆರೆಯಲ್ಲಿ ವಕೀಲ. ಇಪ್ಪತ್ತಾರು ವರ್ಷಗಳಿಂದ ಇದೇ ಕಸುಬು. ನನ್ನಲ್ಲಿಗೆ ಬರುವ ದಾವೆಗಳು ಬಹುಪಾಲು ಪಾಲು ವಿಭಾಗದವು, ದಾರಿ ತಕರಾರಿನವು, ತೆಂಗಿನ ತೋಟದ ಹದ್ದಿನವು. ನಡುವೆ ಒಂದೋ ಎರಡೋ ಚೆಕ್ ಬೌನ್ಸ್ ಪ್ರಕರಣ. ವಾದಪತ್ರ ಬರೆಯುವುದು ಕನ್ನಡದಲ್ಲಿ, ಸಾಕ್ಷಿಗೆ ಪಾಟೀ ಸವಾಲು ಹಾಕುವುದು ಕನ್ನಡದಲ್ಲಿ, ಸೋತ ಕಕ್ಷಿಗಾರ ನನ್ನನ್ನು ಬೈಯುವುದೂ ಕನ್ನಡದಲ್ಲಿ. ಹಾಗಾಗಿ ಈ ಪತ್ರವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಒಕ್ಕೂಟದ ಕಚೇರಿ ಇರುವುದು ಬೆಂಗಳೂರಿನಲ್ಲಿ, ನೋಂದಣಿ ಆಗಿರುವುದು ಕರ್ನಾಟಕದ ಸಂಘಗಳ ನೋಂದಣಿ ಕಾಯ್ದೆಯಡಿ. ಓದಿ ಹೇಳುವವರು ಯಾರಾದರೂ ಇದ್ದೇ ಇರುತ್ತಾರೆ.

ವಿಷಯ ನಿಮ್ಮ ಕ್ಲ್ಯಾಟ್ ಪರೀಕ್ಷೆಯದು, ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಸೇರಲು ಬರೆಯಬೇಕಾದ, ಇಂಗ್ಲಿಷಿನಲ್ಲಿ ಮಾತ್ರ ಇರುವ ಪ್ರವೇಶ ಪರೀಕ್ಷೆ. 2024ರ ಮೇ ತಿಂಗಳವರೆಗೆ ಅದರ ಬಗ್ಗೆ ನನಗೆ ಗೊತ್ತಿದ್ದದ್ದು ಬಹಳ ಕಡಿಮೆ. ನನ್ನ ಮಗ ಹಾಸನದಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಎಂಜಿನಿಯರಿಂಗ್‌ಗೆ ಹೋದ. ಅಲ್ಲಿಗೆ ಭಾಷೆಯ ಪ್ರಶ್ನೆ ನಮ್ಮ ಮನೆಯ ಪ್ರಶ್ನೆ ಆಗಿರಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇಲ್ಲದಿದ್ದರೆ ನಾನು ಹುಟ್ಟಿನಿಂದಲೇ ಕನ್ನಡ ಹೋರಾಟಗಾರ ಎಂದು ನೀವು ತಿಳಿದೀರಿ.

ಆ ಮೇ ತಿಂಗಳ ಒಂದು ಸಂಜೆ ನನ್ನ ತಂಗಿಯ ಮಗಳು ಆಫೀಸಿಗೆ ಬಂದಳು. ಕಕ್ಷಿಗಾರರು ಕೂರುವ ಬೆಂಚಿನ ಮೇಲೆ ಕುಳಿತು, ‘ಮಾವ, ನಾನು ಲಾ ಸ್ಕೂಲಿಗೆ ಸೇರಬೇಕು. ಅದಕ್ಕೆ ಒಂದು ಪರೀಕ್ಷೆ ಇದೆಯಂತೆ, ನೀವೇ ಹೇಳಿಕೊಡಬೇಕು’ ಎಂದಳು. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಹತ್ತನೆಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಅವಳಪ್ಪನ ಮನೆಯಲ್ಲಿ ಹನ್ನೊಂದು ವರ್ಷ ಪಾಲಿನ ದಾವೆ ನಡೆದಿತ್ತು. ಅಮ್ಮನ ಸೆರಗು ಹಿಡಿದು ನ್ಯಾಯಾಲಯದ ಜಗಲಿಯಲ್ಲಿ ಕೂರುತ್ತಿದ್ದ ಮಗು ಅದು. ಅಮೀನ ಯಾರು, ಬೆಂಚ್ ಕ್ಲರ್ಕ್ ಯಾರು, ಯಾವ ವಕೀಲರು ಮುಂದಿನ ತಾರೀಕು ಕೇಳುವುದರಲ್ಲೇ ಜೀವನ ಸವೆಸಿದವರು ಎಂಬುದೆಲ್ಲ ಅವಳಿಗೆ ಆಗಲೇ ತಿಳಿದಿತ್ತು.

ಬೆಂಗಳೂರಿನ ಒಂದು ಕೋಚಿಂಗ್ ಕೇಂದ್ರಕ್ಕೆ ಫೋನ್ ಮಾಡಿದೆ. ವರ್ಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಹೇಳಿದರು, ವಸತಿ ಬೇರೆ. ಆಯಿತು ನೋಡೋಣ ಎಂದು ಫೋನ್ ಇಟ್ಟು, ನಾನೇ ಮೇಷ್ಟ್ರಾದೆ.

ಜೂನ್‌ನಿಂದ ಪ್ರತಿದಿನ ಸಂಜೆ ಏಳರಿಂದ ಒಂಬತ್ತು. ಮೊದಲ ದಿನ ಇಂಗ್ಲಿಷ್ ಪತ್ರಿಕೆಯ ಒಂದು ಸಂಪಾದಕೀಯ ಕೊಟ್ಟೆ. ಮುಗಿಸಲು ನಲವತ್ತು ನಿಮಿಷ ಬೇಕಾಯಿತು, ಗೊತ್ತಿಲ್ಲದ ಪದಗಳಿಗೆ ಅಡಿಗೆರೆ ಎಳೆದು ಪುಟವೆಲ್ಲ ಪೆನ್ಸಿಲಿನ ಗೀಟು. ಅವಳು ಅಳಲಿಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು ಪುಟಕ್ಕೆ ಮೂರು ಅಂಕಣ ಎಳೆದಳು. ಒಂದರಲ್ಲಿ ಇಂಗ್ಲಿಷ್ ಪದ, ಇನ್ನೊಂದರಲ್ಲಿ ನಿಘಂಟಿನ ಅರ್ಥ, ಮೂರನೆಯದಕ್ಕೆ ‘ಕೋರ್ಟಿನ ಅರ್ಥ’ ಎಂದು ಹೆಸರು. ಈ ಮೂರನೆಯ ಅಂಕಣ ಏಕೆ ಬೇಕಾಯಿತು ಎಂಬುದನ್ನು ನಿಮಗೆ ಹೇಳಲೇಬೇಕು.

ಒಪ್ಪಂದದ ಕಾಯ್ದೆಯ ಮೇಲೆ ಒಂದು ಗದ್ಯಭಾಗ ಓದುತ್ತಿದ್ದೆವು. ‘ಕನ್ಸಿಡರೇಷನ್’ ಇಲ್ಲದ ಕರಾರು ‘ವಾಯ್ಡ್’ ಎಂದು ಅದರಲ್ಲಿತ್ತು. ಕನ್ಸಿಡರ್ ಎಂದರೆ ಪರಿಗಣಿಸು ಎಂದು ಅವಳು ಎಂಟನೆಯ ತರಗತಿಯಲ್ಲಿ ಕಲಿತಿದ್ದಳು. ಸರಿ, ಯೋಚನೆ ಮಾಡದೆ ಮಾಡಿಕೊಂಡ ಕರಾರು ನಿಲ್ಲುವುದಿಲ್ಲ ಎಂದು ತಿಳಿದಳು. ಕೆಳಗಿನ ಪ್ರಶ್ನೆಯಲ್ಲಿ ಒಬ್ಬ ಹಣ ಪಡೆದು, ಅವಸರದಲ್ಲಿ, ಹಿಂದೆ ಮುಂದೆ ನೋಡದೆ ಸಹಿ ಹಾಕಿದ್ದ. ‘ಯೋಚಿಸದೆ ಹಾಕಿದ್ದಾನೆ ಮಾವ, ಕರಾರು ಬಿದ್ದುಹೋಗುತ್ತದೆ’ ಎಂದು ಉತ್ತರ ಗುರುತಿಸಿದಳು. ತಪ್ಪು ಉತ್ತರ. ಆದರೆ ಆ ತಪ್ಪನ್ನು ಬಿಡಿಸಿ ನೋಡಿ: ತತ್ವವನ್ನು ಹಿಡಿದಿದ್ದಾಳೆ, ಸಂಗತಿಗೆ ಅನ್ವಯಿಸಿದ್ದಾಳೆ, ತೀರ್ಮಾನಕ್ಕೆ ಬಂದಿದ್ದಾಳೆ. ವಕೀಲರ ಕೆಲಸದ ಮೂರು ಹೆಜ್ಜೆಯೂ ಸರಿ. ಒಂದು ಪದದ ಅರ್ಥ ಮಾತ್ರ ತಪ್ಪು. ಅದನ್ನು ನಾವು ಇಲ್ಲಿ ‘ಪ್ರತಿಫಲ’ ಎನ್ನುತ್ತೇವೆ ಎಂದೆ. ‘ಓ, ಹಣ ಬಂದಿದೆಯಲ್ಲ, ಹಾಗಾದರೆ ಕರಾರು ನಿಲ್ಲುತ್ತದೆ’ ಎಂದು ಆ ಕ್ಷಣದಲ್ಲೇ ತಿದ್ದಿಕೊಂಡಳು. ನೋಟ್‌ಬುಕ್ಕಿನ ಮೂರನೆಯ ಅಂಕಣ ಅಂದು ಶುರುವಾಯಿತು. ಸೂಟ್: ಕೋಟು ಪ್ಯಾಂಟು, ದಾವೆ. ಮೈನರ್: ಸಣ್ಣದು, ಅಪ್ರಾಪ್ತ. ಎಕ್ಸಿಕ್ಯೂಷನ್: ಗಲ್ಲು, ಅಮಲ್ಜಾರಿ. ಡಿಸೆಂಬರ್ ಹೊತ್ತಿಗೆ ಮುನ್ನೂರರ ಹತ್ತಿರ ಪದಗಳಾದವು.

ನಿಮ್ಮ ಪ್ರಶ್ನೆಪತ್ರಿಕೆಯ ಲೆಕ್ಕ ನಿಮಗೆ ಗೊತ್ತಿರುವುದೇ, ಆದರೂ ಈ ಪತ್ರ ಓದುವ ಇತರರಿಗಾಗಿ ಹೇಳುತ್ತೇನೆ. ಎರಡು ಗಂಟೆ, 120 ಪ್ರಶ್ನೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ವಿಭಾಗಗಳು ಐದು: ಇಂಗ್ಲಿಷ್ ಭಾಷೆ, ಪ್ರಚಲಿತ ವಿದ್ಯಮಾನ ಮತ್ತು ಸಾಮಾನ್ಯ ಜ್ಞಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಗಣಿತ. ಇಪ್ಪತ್ತಕ್ಕೂ ಹೆಚ್ಚು ಗದ್ಯಭಾಗಗಳು, ಹೆಚ್ಚಿನವು 450 ಪದಗಳಷ್ಟು ಉದ್ದ. ಪ್ರಶ್ನೆಗಳನ್ನೂ ಆಯ್ಕೆಗಳನ್ನೂ ಸೇರಿಸಿದರೆ ಎರಡು ಗಂಟೆಯಲ್ಲಿ ಒಂದು ಸಣ್ಣ ಕಾದಂಬರಿಯ ಕಾಲು ಭಾಗ ಓದಬೇಕು, ಓದುತ್ತಲೇ ತೀರ್ಪು ಕೊಡಬೇಕು. 2019ರವರೆಗೆ ಪ್ರಶ್ನೆಗಳು 200 ಇದ್ದವು, ಚಿಕ್ಕವು, ಬಾಯಿಪಾಠಕ್ಕೆ ಒಗ್ಗುವಂಥವು. 2020ರಲ್ಲಿ ಅದನ್ನು ಬದಲಿಸಿ ಎಲ್ಲವನ್ನೂ ಗದ್ಯಭಾಗದ ಮೇಲೆ ಕೂರಿಸಿದಿರಿ. ಬಾಯಿಪಾಠ ತಪ್ಪಿಸುವ ಉದ್ದೇಶ ಒಳ್ಳೆಯದೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅದರ ಫಲ ಏನಾಯಿತು? ಮೊದಲು ಇಂಗ್ಲಿಷನ್ನು ಒಂದು ವಿಭಾಗದಲ್ಲಿ ಪರೀಕ್ಷಿಸುತ್ತಿದ್ದಿರಿ. ಈಗ ಐದರಲ್ಲೂ ಪರೀಕ್ಷಿಸುತ್ತಿದ್ದೀರಿ. ಹೆಸರು ಮಾತ್ರ ಬೇರೆ ಬೇರೆ.

ಇದು ಬರಿ ನನ್ನ ಅನಿಸಿಕೆಯೇ ಎಂದು ಪರೀಕ್ಷಿಸಲು ಸೆಪ್ಟೆಂಬರ್‌ನಲ್ಲಿ ಒಂದು ಕೆಲಸ ಮಾಡಿದೆ. ಕಾನೂನು ತರ್ಕದ ಗದ್ಯಭಾಗಗಳನ್ನು ನಾನೇ ಬರೆಯತೊಡಗಿದೆ, ಒಂದೊಂದನ್ನೂ ಎರಡು ಭಾಷೆಯಲ್ಲಿ. ಒಂದು ವಾರ ಕನ್ನಡದ್ದು ಕೊಡುವುದು, ಎರಡು ವಾರ ಬಿಟ್ಟು ಅದೇ ತತ್ವದ ಮೇಲೆ ಬೇರೆ ಸಂಗತಿಯಿಟ್ಟು ಇಂಗ್ಲಿಷಿನದು.

ಒಂದು ಉದಾಹರಣೆ ಹೇಳುತ್ತೇನೆ. ಅಂತರ್ಜಲದ ಮೇಲೆ 1895ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರದವರು ಪಿಕಲ್ಸ್ ಎಂಬಾತನ ವಿರುದ್ಧ ನಡೆಸಿದ ಪ್ರಖ್ಯಾತ ವ್ಯಾಜ್ಯವೊಂದಿದೆ. ತನ್ನ ಜಮೀನಿನಲ್ಲಿ ತೋಡಿ, ನಗರದ ಬುಗ್ಗೆಗೆ ಹೋಗುವ ನೀರನ್ನು ಆತ ತಿರುಗಿಸಿದ್ದ. ಉದ್ದೇಶ ಕೆಟ್ಟದ್ದೇ ಇದ್ದರೂ, ಮಾಡಿದ ಕೆಲಸಕ್ಕೆ ಹಕ್ಕಿದ್ದರೆ ಉದ್ದೇಶದಿಂದ ಅದು ಅಕ್ರಮವಾಗುವುದಿಲ್ಲ ಎಂದು ತೀರ್ಪಾಯಿತು. ಇದನ್ನು ನಮ್ಮ ಸೀಮೆಗೆ ತಂದೆ. ಅಣ್ಣ ತಮ್ಮಂದಿರ ಎರಡು ತೋಟ. ತಮ್ಮನ ಬಾವಿಯಲ್ಲಿ ನೀರಿದೆ, ಅಣ್ಣನಿಗೆ ಹೊಟ್ಟೆಯುರಿ. ಬದುವಿನಾಚೆ ತನ್ನ ಹದ್ದಿನಲ್ಲೇ ಎಂಟು ನೂರು ಅಡಿ ಕೊಳವೆಬಾವಿ ಕೊರೆಸುತ್ತಾನೆ. ತಮ್ಮನ ಬಾವಿ ಬತ್ತುತ್ತದೆ, ನಲವತ್ತು ತೆಂಗಿನ ಮರ ಸುಳಿ ಒಣಗುತ್ತವೆ. ಮೇಲೆ ಕೊಟ್ಟ ತತ್ವವೊಂದನ್ನೇ ಅನ್ವಯಿಸಿದರೆ, ತಮ್ಮ ಪರಿಹಾರ ಕೇಳಬಹುದೇ? (ಇವತ್ತಿನ ಅಂತರ್ಜಲ ಕಾನೂನು ಬೇರೆ, ಅದು ಇರಲಿ. ನೀವೂ ಪರೀಕ್ಷೆಯಲ್ಲಿ ಕೊಟ್ಟ ಗದ್ಯವನ್ನೇ ಆಧರಿಸಿ ಉತ್ತರಿಸಿ ಎನ್ನುತ್ತೀರಲ್ಲ.)

ಅವಳು ಒಂದು ಸಲ ಓದಿದಳು. ಹಾಳೆ ಕೆಳಗಿಟ್ಟು, ‘ತಮ್ಮ ಪಾಪ. ಆದರೆ ಆಗುವುದಿಲ್ಲ ಮಾವ. ನೀವು ಕೊಟ್ಟ ತತ್ವದಲ್ಲಿ ಹಕ್ಕಿದೆಯೇ ಇಲ್ಲವೇ ಎಂದಷ್ಟೇ ಕೇಳಿದೆ, ಹೊಟ್ಟೆಯುರಿಯ ಮಾತು ಅಲ್ಲಿಲ್ಲ’ ಎಂದಳು. ಆಮೇಲೆ ನಾನು ಬರೆಯದೆ ಬಿಟ್ಟ ಪ್ರಶ್ನೆಯನ್ನು ಅವಳೇ ಕೇಳಿದಳು: ‘ಅಣ್ಣ ಕೊಳವೆಬಾವಿಯನ್ನು ತಮ್ಮನ ಹದ್ದಿನ ಕೆಳಗೆ ಓರೆಯಾಗಿ ಕೊರೆಸಿದ್ದರೆ?’

ಇಪ್ಪತ್ತಾರು ವರ್ಷದಲ್ಲಿ ನನ್ನ ಕೈಕೆಳಗೆ ಒಂಬತ್ತು ಮಂದಿ ಕಿರಿಯ ವಕೀಲರು ಕೆಲಸ ಮಾಡಿ ಹೋಗಿದ್ದಾರೆ. ಹೀಗೆ ತಿರುಗಿಸಿ ಕೇಳಿದವರು ಇಬ್ಬರು.

ಅದೇ ತತ್ವ ಇಂಗ್ಲಿಷಿನಲ್ಲಿ ಬಂದಾಗ ನೆಲದೊಳಗೆ ಜಿನುಗುವ ನೀರಿಗೆ ಬಳಸಿದ್ದ ಪದದ ಮೇಲೆ ಅವಳ ಬೆರಳು ನಿಂತಿತು. ಮೂರು ಸಲ ಹಿಂದಕ್ಕೆ ಹೋದಳು. ನಾಲ್ಕು ನಿಮಿಷ ಕಳೆಯಿತು. ಉತ್ತರ ಸರಿಯಾಗಿಯೇ ಬಂತು, ಆದರೆ ನಿಮ್ಮ ಪತ್ರಿಕೆಯಲ್ಲಿ ನಾಲ್ಕು ನಿಮಿಷ ಎಂದರೆ ನಾಲ್ಕು ಪ್ರಶ್ನೆ. ಮೂರು ತಿಂಗಳು ಇದೇ ನಡೆಯಿತು. ಕನ್ನಡದಲ್ಲಿ ಮೂವತ್ತು ಪ್ರಶ್ನೆಗೆ ಇಪ್ಪತ್ತಾರು, ಇಪ್ಪತ್ತೇಳು ಸರಿ ಮಾಡಿ ಸಮಯ ಉಳಿಸುತ್ತಿದ್ದವಳು ಇಂಗ್ಲಿಷಿನಲ್ಲಿ ಅಷ್ಟೇ ಸಮಯದಲ್ಲಿ ಹದಿನೆಂಟನ್ನು ದಾಟುತ್ತಿರಲಿಲ್ಲ. ತಮಾಷೆಯೆಂದರೆ, 2024ರ ಜುಲೈ 1ರಂದು ಹೊಸ ಅಪರಾಧ ಕಾನೂನುಗಳು ಜಾರಿಗೆ ಬಂದು ಅವುಗಳ ಹೆಸರು ಇಂಗ್ಲಿಷಿನಲ್ಲೂ ‘ಭಾರತೀಯ ನ್ಯಾಯ ಸಂಹಿತಾ’ ಎಂದೇ ಆದ ಮೇಲೆ ಪ್ರಚಲಿತ ವಿದ್ಯಮಾನದ ಆ ಗದ್ಯಗಳನ್ನು ಮಾತ್ರ ಅವಳು ನೀರು ಕುಡಿದ ಹಾಗೆ ಓದುತ್ತಿದ್ದಳು.

ಅವಳ ಇಂಗ್ಲಿಷ್ ಬೆಳೆಯಲಿಲ್ಲ ಎಂದಲ್ಲ. ನಲವತ್ತು ನಿಮಿಷದ ಸಂಪಾದಕೀಯ ನವೆಂಬರ್ ಕೊನೆಗೆ ಒಂಬತ್ತು ನಿಮಿಷಕ್ಕೆ ಇಳಿದಿತ್ತು. ಆರು ತಿಂಗಳಲ್ಲಿ ಅಷ್ಟು. ಈ ಅಂಕಿಯನ್ನು ಸ್ವಲ್ಪ ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2024ರ ಡಿಸೆಂಬರ್ 1, ಭಾನುವಾರ. ಬೆಳಗಿನ ರೈಲಿಗೆ ಹೊರಟೆವು. ತಂಗಿ ಚಿತ್ರಾನ್ನ ಕಟ್ಟಿಕೊಟ್ಟಿದ್ದಳು. ಹುಡುಗಿ ತುಮಕೂರು ದಾಟುವವರೆಗೂ ಮುಟ್ಟಲಿಲ್ಲ. ಪರೀಕ್ಷೆ ಮಧ್ಯಾಹ್ನ ಎರಡಕ್ಕೆ. ಕೇಂದ್ರದ ಗೇಟಿನ ಹೊರಗೆ ಸಾಲಾಗಿ ಕಾರುಗಳು. ಮಕ್ಕಳು ಅಪ್ಪ ಅಮ್ಮನ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು, ಕನ್ನಡದವರೂ. ಅದಕ್ಕೆ ಅವರನ್ನು ದೂರುವುದಿಲ್ಲ, ನನ್ನ ಮಗನೂ ಹಾಗೆಯೇ. ಅವಳು ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಎರಡು ಗಂಟೆ ಒಂದು ಬೇಕರಿಯ ಮುಂದೆ ಕುಳಿತು ನಾನು ಅದರ ಪುಟ ತಿರುವಿದೆ. ಹೊರಗೆ ಬಂದವಳು ಹೇಳಿದ್ದು ಒಂದೇ ಮಾತು: ‘ಮೂವತ್ತೇಳು ಪ್ರಶ್ನೆ ನೋಡಲೇ ಇಲ್ಲ ಮಾವ.’ ತಪ್ಪಾದವು ಎಂದಲ್ಲ, ನೋಡಲಿಲ್ಲ ಎಂದು.

ಪರೀಕ್ಷೆ ನಡೆದ ರೀತಿಯ ಬಗ್ಗೆ ನಮ್ಮದು ದೂರಿಲ್ಲ. ಆ ಪತ್ರಿಕೆಯ ಉತ್ತರಸೂಚಿಯ ಮೇಲೆ ಎದ್ದ ವ್ಯಾಜ್ಯ ದೆಹಲಿ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್ ಮುಟ್ಟಿ 2025ರ ಮೇ ತಿಂಗಳಲ್ಲಿ ಇತ್ಯರ್ಥವಾದದ್ದು ಎಲ್ಲರಿಗೂ ಗೊತ್ತು. ನಮ್ಮ ಹುಡುಗಿಯ ರ‍್ಯಾಂಕ್ ಆ ತೀರ್ಪಿನಿಂದ ಭವಿಷ್ಯ ಬದಲಾಗುವ ಜಾಗದಲ್ಲೇ ಇರಲಿಲ್ಲ. ಅದನ್ನು ಇಲ್ಲಿ ಎತ್ತಿದ್ದಕ್ಕೆ ಬೇರೆ ಕಾರಣವಿದೆ. ಬೇರೆ ಭಾಷೆಯ ಮಾತೆತ್ತಿದಾಗಲೆಲ್ಲ ಮೊದಲು ಬರುವ ಉತ್ತರ ‘ಅನುವಾದದಲ್ಲಿ ತಪ್ಪಾಗುತ್ತದೆ’ ಎಂಬುದು. ಒಂದೇ ಭಾಷೆಯಲ್ಲಿ ಬರೆದ ಪತ್ರಿಕೆಯೂ ತಪ್ಪಿನಿಂದ ತಪ್ಪಿಸಿಕೊಳ್ಳಲಿಲ್ಲವಲ್ಲ.

ಆದರೂ ಅನುವಾದದ ಭಯ ಸುಳ್ಳಲ್ಲ. ನಮ್ಮ ಕರ್ನಾಟಕ ಲೋಕಸೇವಾ ಆಯೋಗ 2024ರ ಆಗಸ್ಟ್‌ನಲ್ಲಿ ನಡೆಸಿದ ಗೆಜೆಟೆಡ್ ಪ್ರೊಬೇಷನರ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಎಂಥದ್ದಿತ್ತೆಂದರೆ, ಸರ್ಕಾರ ಮರುಪರೀಕ್ಷೆಗೆ ಆದೇಶಿಸಬೇಕಾಯಿತು. ಡಿಸೆಂಬರ್‌ನ ಮರುಪರೀಕ್ಷೆಯಲ್ಲೂ ಕನ್ನಡ ಎಡವಿತು. ಕನ್ನಡದ್ದೇ ಸರ್ಕಾರ, ಕನ್ನಡದ್ದೇ ಆಯೋಗ, ಆದರೂ ಹೀಗೆ. ಏಕೆಂದರೆ ಇಂಗ್ಲಿಷಿನಲ್ಲಿ ಯೋಚಿಸಿ ಬರೆದದ್ದನ್ನು ಕೊನೆಯ ಗಳಿಗೆಯಲ್ಲಿ ಯಾರದೋ ಕೈಗೆ ಕೊಟ್ಟು ಪದಕ್ಕೆ ಪದ ಜೋಡಿಸಿದರೆ ಅದು ಕನ್ನಡವಾಗುವುದಿಲ್ಲ. ಆದ್ದರಿಂದ ನಾನು ಕೇಳುತ್ತಿರುವುದು ಅನುವಾದವನ್ನಲ್ಲ. ಕಾನೂನು ತರ್ಕದ ಗದ್ಯಭಾಗಗಳನ್ನು ಕನ್ನಡದಲ್ಲೇ ಬರೆಸಿ. ಬರೆಯಬಲ್ಲವರು ಈ ರಾಜ್ಯದಲ್ಲಿ ನೂರಾರು ಮಂದಿ ಇದ್ದಾರೆ. ಜಿಲ್ಲಾ ನ್ಯಾಯಾಲಯಗಳಲ್ಲಿ ಮೂವತ್ತು ಪುಟದ ತೀರ್ಪನ್ನು ಕನ್ನಡದಲ್ಲಿ ಬರೆದು ನಿವೃತ್ತರಾದ ನ್ಯಾಯಾಧೀಶರಿದ್ದಾರೆ. ತತ್ವ ಒಂದೇ, ಕಠಿಣತೆ ಒಂದೇ, ಆಯ್ಕೆಗಳು ಒಂದೇ. ಒಂದರ ಪಕ್ಕ ಒಂದಿಟ್ಟು ಇಂಗ್ಲಿಷಿನಲ್ಲಿ ಬರೆದವರೂ ಕನ್ನಡದಲ್ಲಿ ಬರೆದವರೂ ಕೂತು ತಾಳೆ ನೋಡಲಿ.

ಎರಡನೆಯ ಉತ್ತರ, ‘ನಮ್ಮಲ್ಲಿ ಪಾಠ ಇಂಗ್ಲಿಷಿನಲ್ಲಿ’ ಎಂಬುದು. ವೈದ್ಯಕೀಯ ಪಾಠ ಯಾವ ಭಾಷೆಯಲ್ಲಿ ನಡೆಯುತ್ತದೆ? ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲಿ ಬರೆಯಬಹುದು, ಈಗ ಅದು ಹದಿಮೂರು ಭಾಷೆಗಳಲ್ಲಿದೆ. ಎಂಜಿನಿಯರಿಂಗ್‌ನ ಜೆಇಇ ಮೇನ್ ಕೂಡ ಹದಿಮೂರರಲ್ಲಿದೆ. ಹೃದಯದ ಕವಾಟದ ಬಗ್ಗೆ ಕನ್ನಡದಲ್ಲಿ ಉತ್ತರಿಸಿದ ಹುಡುಗ ಮುಂದೆ ಇಂಗ್ಲಿಷಿನಲ್ಲಿ ಓದಿ ಡಾಕ್ಟರಾಗಬಹುದಾದರೆ, ಕೊಳವೆಬಾವಿಯ ಬಗ್ಗೆ ಕನ್ನಡದಲ್ಲಿ ಉತ್ತರಿಸಿದ ಹುಡುಗಿ ವಕೀಲೆಯಾಗಬಾರದೇ? ಇನ್ನೂ ವಿಚಿತ್ರ ಕೇಳಿ. ಕಾನೂನು ಪದವಿ ಮುಗಿದ ಮೇಲೆ ವಕೀಲಿ ನಡೆಸಲು ಭಾರತೀಯ ವಕೀಲರ ಪರಿಷತ್ತು ನಡೆಸುವ ಅರ್ಹತಾ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಹೊರಗೆ ಹೋಗುವ ಬಾಗಿಲಲ್ಲಿ ಕನ್ನಡ ನಡೆಯುತ್ತದೆ, ಒಳಗೆ ಬರುವ ಬಾಗಿಲಲ್ಲಿ ನಡೆಯುವುದಿಲ್ಲ.

ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್‌ಗಳ ಭಾಷೆ ಇಂಗ್ಲಿಷ್, ಸಂವಿಧಾನದ 348ನೆಯ ವಿಧಿಯಲ್ಲೇ ಇದೆ ಎನ್ನುವಿರಿ. ಇದೆ. ಆದರೂ ನಮ್ಮ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ 2024ರ ಡಿಸೆಂಬರ್‌ನಲ್ಲಿ ಕನ್ನಡದಲ್ಲೂ ತೀರ್ಪು ಕೊಟ್ಟಿತು. ಅದನ್ನು ಓದಿದ ಸಂಜೆ ನಮ್ಮ ವಕೀಲರ ಸಂಘದಲ್ಲಿ ಕಾಫಿ ಒಂದು ಸುತ್ತು ಹೆಚ್ಚು ಬಂತು. ಆದರೆ ನಾನು ಅದನ್ನು ದೊಡ್ಡ ವಾದವಾಗಿ ಮುಂದಿಡುವುದಿಲ್ಲ. ಇಂಗ್ಲಿಷ್ ಬೇಕು. ನನ್ನ ತಂಗಿಯ ಮಗಳಿಗೂ ಬೇಕು, ಅವಳಿಗೆ ಅದು ಚೆನ್ನಾಗಿ ಗೊತ್ತು. ನಿಮ್ಮ ಪದವಿ ಐದು ವರ್ಷದ್ದು. ಆರು ತಿಂಗಳಲ್ಲಿ ನಲವತ್ತರಿಂದ ಒಂಬತ್ತು ನಿಮಿಷಕ್ಕೆ ಬಂದವಳು ಐದು ವರ್ಷದಲ್ಲಿ ಎಲ್ಲಿಗೆ ಬರುತ್ತಿದ್ದಳು ಎಂದು ಲೆಕ್ಕ ಹಾಕಿ. ಇಂಗ್ಲಿಷನ್ನು ಕಲಿಸಬಹುದು. ಓರೆಯಾಗಿ ಕೊರೆಸಿದ ಬಾವಿಯ ಪ್ರಶ್ನೆಯನ್ನು ಕೇಳುವ ತಲೆಯನ್ನು ಕಲಿಸಿ ತಯಾರಿಸಲು ಆಗುವುದಿಲ್ಲ. ನೀವು ಕಲಿಸಬಹುದಾದದ್ದನ್ನು ಬಾಗಿಲಲ್ಲೇ ಕೇಳುತ್ತಿದ್ದೀರಿ.

ಇನ್ನು ಬೆಂಗಳೂರಿನ ಲಾ ಸ್ಕೂಲಿನ, ಅಂದರೆ ಅಲ್ಲಿನ ರಾಷ್ಟ್ರೀಯ ಕಾನೂನು ಶಾಲೆಯ ಮಾತು. ಅದು ಈ ರಾಜ್ಯದ ಶಾಸನಸಭೆ ಮಾಡಿದ ಕಾಯ್ದೆಯಿಂದ ಹುಟ್ಟಿದ್ದು. ಮಾಧವ ಮೆನನ್ ಅವರು ಕಟ್ಟಿದ ಆ ಸಂಸ್ಥೆ ದೇಶದ ಎಲ್ಲ ರಾಷ್ಟ್ರೀಯ ಕಾನೂನು ಶಾಲೆಗಳಿಗೂ ಹಿರಿಯಕ್ಕ. ಸಮಾಜಕ್ಕೆ ಸೇವೆ ಸಲ್ಲಿಸುವ ಹೊಣೆಯನ್ನು ವಿದ್ಯಾರ್ಥಿಗಳಲ್ಲಿ ಬೆಳೆಸುವುದು ಆ ಕಾಯ್ದೆಯಲ್ಲೇ ಬರೆದಿರುವ ಉದ್ದೇಶ. ಕರ್ನಾಟಕದವರಿಗೆ ಶೇ 25 ಸ್ಥಾನ ಮೀಸಲಿಡುವ ತಿದ್ದುಪಡಿಯನ್ನು ಹೈಕೋರ್ಟ್ 2020ರ ಸೆಪ್ಟೆಂಬರ್‌ನಲ್ಲಿ ರದ್ದು ಮಾಡಿತು. ಮರುವರ್ಷ ಲಾ ಸ್ಕೂಲ್ ತಾನಾಗಿಯೇ ಕರ್ನಾಟಕದ ವಿದ್ಯಾರ್ಥಿಗಳಿಗೆ ಅಷ್ಟೇ ಪಾಲು ಕೊಟ್ಟಿತು. ಇಲ್ಲಿ ಹತ್ತು ವರ್ಷ ಓದಿದವರೆಲ್ಲ ಆ ಲೆಕ್ಕಕ್ಕೆ ಬರುತ್ತಾರೆ. ಒಳ್ಳೆಯ ಕೆಲಸ, ಒಪ್ಪುತ್ತೇನೆ. ಆದರೆ ಹತ್ತು ವರ್ಷ ಸದಾಶಿವನಗರದ ಶಾಲೆಯಲ್ಲಿ ಓದಿದರೂ ಹತ್ತು ವರ್ಷವೇ, ಬಾಣಾವರದಲ್ಲಿ ಓದಿದರೂ ಹತ್ತು ವರ್ಷವೇ. ಇಬ್ಬರಿಗೂ ಒಂದೇ ಇಂಗ್ಲಿಷ್ ಪತ್ರಿಕೆ ಕೊಟ್ಟರೆ ಆ ಪಾಲು ಯಾರ ಎಲೆಗೆ ಬೀಳುತ್ತದೆ ಎಂದು ಹೇಳಲು ಜ್ಯೋತಿಷಿ ಬೇಕಿಲ್ಲ.

ಅದೇ ಲಾ ಸ್ಕೂಲಿನಲ್ಲಿ ಓದಿದ ಶಮ್ನಾದ್ ಬಷೀರ್ ಅವರಿಗೆ ಇದು ಬಹಳ ಹಿಂದೆಯೇ ಕಂಡಿತ್ತು. ಬಡ ಮಕ್ಕಳನ್ನು ಹುಡುಕಿ ಕ್ಲ್ಯಾಟ್‌ಗೆ ತಯಾರು ಮಾಡಲೆಂದು 2010ರಲ್ಲಿ ಐಡಿಐಎ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. 2019ರಲ್ಲಿ ನಮ್ಮ ಪಕ್ಕದ ಚಿಕ್ಕಮಗಳೂರಿನ ಬೆಟ್ಟಸಾಲಿನಲ್ಲಿ ತೀರಿಕೊಂಡರು. ಅವರು ಹಾಕಿದ ದಾರಿ ದೊಡ್ಡದು. ಆದರೆ ಗೋಡೆ ಹತ್ತಲು ಮಕ್ಕಳಿಗೆ ಏಣಿ ಕೊಡುವುದು ಸ್ವಯಂಸೇವಕರ ಕೆಲಸ, ಬಾಗಿಲು ಇಡುವುದು ಮನೆಯವರ ಕೆಲಸ.

ಶುಲ್ಕದ ಬಗ್ಗೆ ಎರಡು ಮಾತು. ಅರ್ಜಿಗೆ ಸಾಮಾನ್ಯ ವರ್ಗದವರಿಗೆ 4,000 ರೂಪಾಯಿ, ಪರಿಶಿಷ್ಟರಿಗೂ ಬಡತನ ರೇಖೆಯ ಕೆಳಗಿನವರಿಗೂ 3,500. ನನ್ನ ತಂಗಿ ಹೊಲಿಗೆ ಕೆಲಸ ಮಾಡುತ್ತಾಳೆ, ಒಂದು ರವಿಕೆಗೆ 250 ತೆಗೆದುಕೊಳ್ಳುತ್ತಾಳೆ. ಅಂದರೆ ಹದಿನಾರು ರವಿಕೆ, ಗುಂಡಿ ಕೊಕ್ಕೆ ಸಮೇತ. ಇಡೀ ದೇಶದ ಲಕ್ಷಾಂತರ ಮಕ್ಕಳು ಬರೆಯುವ ನೀಟ್‌ಗೆ 2025ರಲ್ಲಿ ಸಾಮಾನ್ಯ ವರ್ಗದ ಶುಲ್ಕ 1,700 ಇತ್ತು. ಬಡವರಿಗೆ ನೀವು ಬಿಟ್ಟಿರುವ ಐನೂರು ರೂಪಾಯಿ ಎರಡು ರವಿಕೆಯ ಬೆಲೆ. ಪಾಸಾದವರು ಕೌನ್ಸೆಲಿಂಗ್‌ಗೆ ಮತ್ತೆ ಹತ್ತಾರು ಸಾವಿರ ಕಟ್ಟಬೇಕು. ಆ ಹಂತಕ್ಕೆ ನಾವು ಹೋಗದ ಕಾರಣ ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ನನ್ನ ಬೇಡಿಕೆ ಇಷ್ಟು. ಇಂಗ್ಲಿಷ್ ವಿಭಾಗ ಇಂಗ್ಲಿಷಿನಲ್ಲೇ ಇರಲಿ, ಬೇಕಾದರೆ ಅದರಲ್ಲಿ ಇಂತಿಷ್ಟು ಅಂಕ ಬರಲೇಬೇಕು ಎಂದು ನಿಯಮ ಮಾಡಿ. ಮೊದಲ ಹೆಜ್ಜೆಯಾಗಿ ಕಾನೂನು ತರ್ಕದ ವಿಭಾಗ ಒಂದನ್ನು ಮಾತ್ರ ಕನ್ನಡದಲ್ಲೂ ಇತರ ಭಾರತೀಯ ಭಾಷೆಗಳಲ್ಲೂ ಕೊಡಿ. ಅದು 28ರಿಂದ 32 ಪ್ರಶ್ನೆ, ಇಡೀ ಪತ್ರಿಕೆಯ ಕಾಲು ಭಾಗ. ಅದು ನಿಂತ ಮೇಲೆ ಸಾಮಾನ್ಯ ತರ್ಕ, ಪ್ರಚಲಿತ ವಿದ್ಯಮಾನ, ಗಣಿತ. ಇದೇ ವಿಷಯದ ಮೇಲೆ 2023ರಲ್ಲಿ ದೆಹಲಿ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋದಾಗ ತಜ್ಞರ ಸಮಿತಿಯ ಮಾತನ್ನು ನೀವೇ ಆಡಿದ್ದಿರಿ. ಆ ತಜ್ಞರು ಏನೆನ್ನುತ್ತಾರೆ ಎಂಬುದನ್ನು ವಿದ್ಯಾರ್ಥಿಗಳ ಮುಂದಿಡಿ, ಕನ್ನಡದಲ್ಲಿ ಇಟ್ಟರೆ ಇನ್ನೂ ಸಂತೋಷ. ಪರೀಕ್ಷೆ ಬದಲಿಸುವುದು ಕಷ್ಟ ಎಂದು ಮಾತ್ರ ಹೇಳಬೇಡಿ. ಇನ್ನೂರನ್ನು ನೂರ ಐವತ್ತು ಮಾಡಿದಿರಿ, ನೂರ ಐವತ್ತನ್ನು ನೂರ ಇಪ್ಪತ್ತು ಮಾಡಿದಿರಿ. ಕಂಪ್ಯೂಟರಿನಿಂದ ಕಾಗದಕ್ಕೆ, ಕಾಗದದಿಂದ ಕಂಪ್ಯೂಟರಿಗೆ, ಮತ್ತೆ ಕಾಗದಕ್ಕೆ ಬಂದಿರಿ. ಬೇಸಿಗೆಯ ಪರೀಕ್ಷೆಯನ್ನು ಡಿಸೆಂಬರ್‌ಗೆ ತಂದಿರಿ, ಅದೂ ದ್ವಿತೀಯ ಪಿಯುಸಿಯ ನಡುಮಧ್ಯಕ್ಕೆ. ಬದಲಾವಣೆಗೆ ನೀವು ಅಂಜುವವರಲ್ಲ.

ನಮ್ಮ ಹುಡುಗಿ ಈಗ ಜಿಲ್ಲೆಯ ಒಂದು ಕಾನೂನು ಕಾಲೇಜಿನಲ್ಲಿ ಐದು ವರ್ಷದ ಪದವಿಗೆ ಸೇರಿದ್ದಾಳೆ. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಾದ್ದರಿಂದ ಉತ್ತರವನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಮೊನ್ನೆ ಒಪ್ಪಂದದ ಕಾಯ್ದೆಯಲ್ಲಿ ಪ್ರತಿಫಲದ ಮೇಲೆ ಆರು ಪುಟ ಬರೆದೆ ಎಂದಳು. ಅವಳ ಬಗ್ಗೆ ನನಗೆ ಚಿಂತೆಯಿಲ್ಲ, ಈ ಪತ್ರ ಅವಳಿಗಾಗಿ ಅಲ್ಲ. ಈ ವರ್ಷ ಸಂಜೆ ಏಳಕ್ಕೆ ನನ್ನ ಆಫೀಸಿನ ಬೆಂಚಿಗೆ ನಾಲ್ಕು ಮಂದಿ ಬರುತ್ತಿದ್ದಾರೆ. ಒಬ್ಬಳು ಕೊಬ್ಬರಿ ಸುಲಿಯುವವರ ಮಗಳು, ಒಬ್ಬ ನಮ್ಮ ಕೋರ್ಟಿನ ಮುಂದಿನ ಟೈಪಿಸ್ಟನ ಮಗ, ಇನ್ನಿಬ್ಬರು ಅವಳಿ ಸೋದರರು, ಯಾರು ಯಾವನೆಂದು ನನಗೆ ಇನ್ನೂ ಗೊತ್ತಾಗುವುದಿಲ್ಲ. ಮೂರು ಅಂಕಣದ ನೋಟ್‌ಬುಕ್ ಅವರ ಕೈಯಲ್ಲಿದೆ.

ಕನ್ನಡದಲ್ಲಿ ಬರೆದ ಕಾನೂನು ತರ್ಕದ ಗದ್ಯಭಾಗ ಹೇಗಿರಬಹುದು ಎಂಬ ಅನುಮಾನ ನಿಮಗಿದ್ದರೆ ನೋಡಲು ಅನುಕೂಲವಾಗಲಿ ಎಂದು ನಾನು ಬರೆದವುಗಳಲ್ಲಿ ಹನ್ನೆರಡನ್ನು ಪ್ರಶ್ನೆ, ಆಯ್ಕೆ, ಉತ್ತರಸೂಚಿ ಸಮೇತ ಇದರ ಜೊತೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ತಪ್ಪಿದ್ದರೆ ತಿದ್ದಿ. ಸರಿಯಿದ್ದರೆ ಬಳಸಿಕೊಳ್ಳಿ, ಸಂಭಾವನೆ ಬೇಡ. ಏಳನೆಯದರ ಕೊನೆಯ ಪ್ರಶ್ನೆ, ಓರೆಯಾಗಿ ಕೊರೆಸಿದ ಕೊಳವೆಬಾವಿಯದು, ನನ್ನದಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವಕೀಲ, ಅರಸೀಕೆರೆ

ಲಗತ್ತು: ಗದ್ಯಭಾಗಗಳು 12, ಹಾಳೆಗಳು 31